ಆಳಂದದ ಮನೆಯಲ್ಲಿ ಎಪ್ಪತ್ತು ಲೀಟರ್ ಸಮುದ್ರ

ಆಳಂದದಿಂದ ನೇರ ಗೆರೆ ಎಳೆದರೂ ಸಮುದ್ರ ಮುನ್ನೂರು ಕಿಲೋಮೀಟರಿಗಿಂತ ದೂರ. ನಮ್ಮ ಮನೆಯ ಆರು ಜನರಲ್ಲಿ ಸಮುದ್ರ ನೋಡಿದವರು ದಾದಿ ಒಬ್ಬರೇ. ಅದೂ ಹಜ್‌ಗೆ ಹೋದಾಗ ಜಿದ್ದಾದಲ್ಲಿ ಇಳಿಯುವ ಮುಂಚೆ, ವಿಮಾನದ ಕಿಟಕಿಯಿಂದ. ಅಂಥ ಮನೆಯಲ್ಲಿ ಕಳೆದ ವರ್ಷದಿಂದ ಒಂದು ಉಪ್ಪುನೀರಿನ ತೊಟ್ಟಿ ಇದೆ. ಎರಡಡಿ ಉದ್ದ, ಒಂದಡಿ ಅಗಲ, ಹದಿನೈದು ಇಂಚು ಎತ್ತರ. ಹಿಡಿಯುವುದು 70 ಲೀಟರ್. ಒಳಗೆ ಕಲ್ಲು ಜೋಡಿಸಿದ ಮೇಲೆ ನೀರು ಸುಮಾರು 60 ಲೀಟರ್ ಮಾತ್ರ ಕೂರುತ್ತದೆ. ಅದರಲ್ಲಿ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟಿ ಇರುವ ಎರಡು ಕ್ಲೌನ್ ಮೀನುಗಳಿವೆ. ಹವಳ ಇಲ್ಲ. ಏಕಿಲ್ಲ ಎಂದು ಬಂದವರೆಲ್ಲ ಕೇಳುತ್ತಾರೆ. ಈ ಲೇಖನ ಬರೆಯಲು ಮುಖ್ಯ ಕಾರಣವೇ ಆ ಪ್ರಶ್ನೆ.

ಮೊದಲು ಲೆಕ್ಕ ಹೇಳುತ್ತೇನೆ, ನಾನು ಓದುತ್ತಿರುವುದು ವಾಣಿಜ್ಯ. ಎರಡು ವರ್ಷದ ಈದಿ ಹಣ, ಜೊತೆಗೆ ಅಫಜಲಪುರದ ಫುಪ್ಪಿಯ ಹೊಲಿಗೆ ಕೆಲಸದ ಲೆಕ್ಕ ಬರೆದುಕೊಟ್ಟಿದ್ದಕ್ಕೆ ಅವರು ಕೊಟ್ಟ ಹಣ, ಇದು ನನ್ನ ಬಂಡವಾಳ. ಗಾಜಿನ ತೊಟ್ಟಿ 1,800 ರೂಪಾಯಿ, ನೀರು ಅಲುಗಾಡಿಸುವ ಪಂಪು 900, ಎಲ್‌ಇಡಿ ದೀಪ 1,500, ಉಪ್ಪಿನಂಶ ಅಳೆಯುವ ಉಪಕರಣ 1,400, ನೀರು ಪರೀಕ್ಷೆಯ ಕಿಟ್ 1,500, ಹತ್ತು ಕಿಲೋ ಸಮುದ್ರದ ಉಪ್ಪಿನ ಮಿಶ್ರಣ 2,200, ಬ್ಯಾಟರಿಯ ಗಾಳಿ ಪಂಪು 500, ಚಳಿಗಾಲಕ್ಕೆ ಹೀಟರ್ 600, ಕಲ್ಲು ಮಾಡಲು ಸಿಮೆಂಟ್ ಇತ್ಯಾದಿ 200, ಮೀನು 1,000. ಒಟ್ಟು 11,600. ನಮ್ಮ ಮನೆಗೆ ಇದು ಸಣ್ಣ ಮೊತ್ತವಲ್ಲ. ಆದ್ದರಿಂದಲೇ ಮೊದಲ ದಿನದಿಂದ ಒಂದು ರಿಜಿಸ್ಟರ್ ಇಟ್ಟಿದ್ದೇನೆ. ಎಡ ಪುಟದಲ್ಲಿ ಹಣ, ಬಲ ಪುಟದಲ್ಲಿ ನೀರು.

ತೊಟ್ಟಿ ಕುಳಿತಿರುವುದು ಇಟ್ಟಿಗೆಯ ಮೇಲೆ ಹಾಸಿದ ಫರಸಿ ಕಲ್ಲಿನ ಮೇಲೆ. ಒಂದು ಲೀಟರ್ ನೀರು ಒಂದು ಕಿಲೋ. ಗಾಜು, ಕಲ್ಲು ಸೇರಿ ತೊಟ್ಟಿ ಎಂಬತ್ತು ಕಿಲೋ ದಾಟುತ್ತದೆ. ಮರದ ಟೇಬಲ್ಲಿನ ಮೇಲೆ ಇಡಬೇಡ ಎಂದು ಜೇವರ್ಗಿಯ ಮಾಮೂ ಮೊದಲೇ ಹೇಳಿದ್ದರು. ಮಾಮೂ ಗೌಂಡಿ ಕೆಲಸ ಮಾಡುತ್ತಾರೆ. ಫರಸಿ ಹಾಸುತ್ತಾ ಅವರು, ಈ ಕಲ್ಲು ಪದರ ಪದರವಾಗಿ ಏಕೆ ಬಿಡುತ್ತದೆ ಗೊತ್ತಾ ಎಂದು ಕೇಳಿದರು. ಉತ್ತರ ಹುಡುಕಿದಾಗ ನನಗೇ ಆಶ್ಚರ್ಯವಾಯಿತು. ಶಹಾಬಾದ್, ವಾಡಿ, ಸೇಡಂ ಕಡೆಯ ಈ ಸುಣ್ಣದ ಕಲ್ಲು ಒಂದು ಕಾಲದಲ್ಲಿ ಸಮುದ್ರದ ತಳದಲ್ಲಿ ಕೂತ ಸುಣ್ಣದ ಕೆಸರು. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾ ಸಮೂಹ ಎನ್ನುತ್ತಾರೆ. ಜಗತ್ತಿನಲ್ಲಿ ಹವಳ ಹುಟ್ಟುವುದಕ್ಕೂ ಮುಂಚಿನದು. ಆಳಂದದ ಕಪ್ಪು ನೆಲಕ್ಕೆ ಮೂಲವಾದ ಲಾವಾ ಕಲ್ಲು ಬಂದದ್ದು ಬಹಳ ತಡವಾಗಿ, ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅಂದರೆ ನಾವು ದಿನಾ ಗುಡಿಸಿ ಒರೆಸುವ ಫರಸಿಯೇ ಹಳೆಯ ಸಮುದ್ರ. ನಾನು ತಂದದ್ದು ಹೊಸ ಉಪ್ಪು ಮಾತ್ರ.

ಸಮುದ್ರದ ತೊಟ್ಟಿಗೆ ರಂಧ್ರಗಳಿರುವ ಕಲ್ಲು ಬೇಕು. ಆ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ವಾಸಿಸುತ್ತವೆ. ಬೇರೆ ದೇಶಗಳಲ್ಲಿ ಸಮುದ್ರದಿಂದ ತೆಗೆದ ಸತ್ತ ಹವಳದ ಬಂಡೆಯನ್ನು ಹಾಕುತ್ತಾರೆ. ನಮ್ಮಲ್ಲಿ ಅದಕ್ಕೆ ಅವಕಾಶವಿಲ್ಲ. ಮಾಮೂ ಮತ್ತು ನಾನು ಸೇರಿ ಕಲ್ಲು ಮಾಡಿದೆವು. ಒಂದು ಪಾಲು ಸಿಮೆಂಟ್, ಮೂರು ಪಾಲು ಸುಣ್ಣಕಲ್ಲಿನ ಸಣ್ಣ ಚೂರು, ಎರಡು ಪಾಲು ಕಲ್ಲುಪ್ಪು. ಸ್ವಲ್ಪವೇ ನೀರು ಹಾಕಿ ಕಲಸಿ ಮರಳಿನ ಗುಂಡಿಯಲ್ಲಿ ಉಂಡೆ ಮಾಡಿ ಬಿಟ್ಟೆವು. ಗಟ್ಟಿಯಾದ ಮೇಲೆ ನೀರಿನಲ್ಲಿ ಮುಳುಗಿಸಿದರೆ ಉಪ್ಪು ಕರಗಿ ಹೋಗಿ ಅದರ ಜಾಗದಲ್ಲಿ ತೂತುಗಳು ಉಳಿಯುತ್ತವೆ. ಹೊಸ ಸಿಮೆಂಟಿನ ನೀರು ಬಹಳ ಕ್ಷಾರ, ಅದರಲ್ಲಿ ಮೀನು ಬದುಕುವುದಿಲ್ಲ. ಆದ್ದರಿಂದ ಎಂಟು ವಾರ ಬಕೆಟ್ಟಿನಲ್ಲಿ ನೀರು ಬದಲಾಯಿಸುತ್ತಾ ಇಟ್ಟು, ಪಿಎಚ್ 8.5ಕ್ಕಿಂತ ಕೆಳಗೆ ಬಂದ ಮೇಲೆಯೇ ತೊಟ್ಟಿಗೆ ಇಳಿಸಿದೆವು. ಪ್ರತಿ ಸಲ ಬಸಿದ ಬಕೆಟ್ ನೀರಿನಲ್ಲಿ ಅಂಗಳದ ಕಲ್ಲು ತೊಳೆದೆವು.

ಇನ್ನು ನೀರು. ನಮ್ಮ ಬೋರ್‌ವೆಲ್ ನೀರು ಗಡಸು, ಅದರಲ್ಲಿ ನೇರವಾಗಿ ಉಪ್ಪು ಬೆರೆಸಿದರೆ ಆಗದು. ಮನೆಯ ಆರ್‌ಒ ಯಂತ್ರದ ನೀರು ಹಿಡಿದು, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಸಮುದ್ರದ ಉಪ್ಪಿನ ಮಿಶ್ರಣ ಹಾಕುತ್ತೇನೆ. ಇದು ಅಡುಗೆ ಉಪ್ಪಲ್ಲ. ಇದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲವೂ ಸಮುದ್ರದಲ್ಲಿ ಇರುವ ಪ್ರಮಾಣದಲ್ಲೇ ಇರುತ್ತವೆ. ಅಳೆಯುವ ಉಪಕರಣದಲ್ಲಿ ನೀರಿನ ಸಾಪೇಕ್ಷ ಸಾಂದ್ರತೆ 1.025 ಬರಬೇಕು.

ನೀರು, ಉಪ್ಪು, ಕಲ್ಲು ಸೇರಿದ ದಿನವೇ ಮೀನು ಬಿಡುವಂತಿಲ್ಲ. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಹಾನಿಕರವಲ್ಲ, ನೀರು ಬದಲಾಯಿಸಿದರೆ ಹೋಗುತ್ತದೆ. ಈ ಎರಡು ಬ್ಯಾಕ್ಟೀರಿಯಾಗಳು ಕಲ್ಲಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಖಾಲಿ ತೊಟ್ಟಿಗೆ ದಿನಾ ಚಿಟಿಕೆ ಮೀನಿನ ಆಹಾರ ಹಾಕಿ, ದಿನಾ ಪರೀಕ್ಷೆ ಮಾಡಿ, ರಿಜಿಸ್ಟರಿನಲ್ಲಿ ಬರೆದೆ. ಮೀನೇ ಇಲ್ಲದ ತೊಟ್ಟಿಗೆ ಊಟ ಹಾಕುವುದನ್ನು ನೋಡಿ ತಮ್ಮ ನನಗೆ ಹುಚ್ಚು ಹಿಡಿದಿದೆ ಎಂದು ಓಣಿಗೆಲ್ಲ ಹೇಳಿಬಂದ. ಅಮೋನಿಯಾ ಏರಿ ಇಳಿಯಿತು, ನೈಟ್ರೈಟ್ ಏರಿ ಇಳಿಯಿತು. ಎರಡೂ ಸೊನ್ನೆ ಬಂದದ್ದು ನಲವತ್ತೊಂದನೇ ದಿನ. ಆವತ್ತು ಜೀವಶಾಸ್ತ್ರದ ಮೇಡಂ ಅವರಿಗೆ ಪರೀಕ್ಷಾ ನಳಿಕೆಯ ಫೋಟೊ ಕಳಿಸಿದೆ. ನಮ್ಮ ವಿಭಾಗದ ವಿದ್ಯಾರ್ಥಿಗಳಿಗೂ ಇದನ್ನು ತೋರಿಸುತ್ತೇನೆ ಎಂದರು.

ಈಗ ಹವಳದ ಮಾತು. ದಾದಿಗೆ ಹವಳ ಎಂದರೆ ಮೂಂಗಾ, ಉಂಗುರದಲ್ಲಿ ಕೂರಿಸುವ ಕೆಂಪು ಹರಳು. ಎಷ್ಟೋ ಜನ ಅದನ್ನು ಕಲ್ಲೆಂದೇ ತಿಳಿದಿದ್ದಾರೆ. ಹವಳ ಪ್ರಾಣಿ. ಸಾವಿರಾರು ಪುಟ್ಟ ಜೀವಿಗಳು ಒಟ್ಟಿಗೆ ಕೂತು ಸುಣ್ಣದ ಮನೆ ಕಟ್ಟಿಕೊಳ್ಳುತ್ತವೆ. ಬಂಡೆ ಕಟ್ಟುವ ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳಿವೆ. ಅವು ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತವೆ. ಗುಂಡು ಬಂಡೆಯಂಥ ಹವಳಗಳು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುತ್ತವೆ. ನನ್ನ ಎತ್ತರಕ್ಕೆ ಬರಲು ಅದಕ್ಕೆ ನೂರೈವತ್ತು ವರ್ಷ ಬೇಕು. ನಮ್ಮ ದೇಶದಲ್ಲಿ ದೊಡ್ಡ ಹವಳದ ದಿಬ್ಬಗಳಿರುವುದು ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್, ಮನ್ನಾರ್ ಕೊಲ್ಲಿ ಮತ್ತು ಕಚ್ ಕೊಲ್ಲಿಯಲ್ಲಿ. ನಮ್ಮ ಕರ್ನಾಟಕದಲ್ಲಿ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಗೆ ಇರುವ ರಕ್ಷಣೆಯನ್ನೇ 2001ರಲ್ಲಿ ಬಂಡೆ ಕಟ್ಟುವ ಎಲ್ಲ ಹವಳಗಳಿಗೂ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆಗಳಿಗೂ ಕೊಟ್ಟರು. ಕಡಲ ಕುದುರೆಯೂ ಅದೇ ಪಟ್ಟಿಯಲ್ಲಿದೆ. ಹಿಡಿಯುವುದು, ಮಾರುವುದು ಅಪರಾಧ, ಜೈಲು ಶಿಕ್ಷೆ ಇದೆ.

ಹೀಗಿದ್ದರೂ ತೊಟ್ಟಿ ತಯಾರಾದ ತಿಂಗಳಲ್ಲೇ ಒಬ್ಬ ಮಾರಾಟಗಾರ ಫೋನಿನಲ್ಲಿ ಚಿತ್ರಗಳನ್ನು ಕಳಿಸಿದ. ಹಸಿರು, ನೇರಳೆ, ಬೆರಳಿನ ಹಾಗೆ ಆಡುವ ಹವಳಗಳು. ತುಂಡಿಗೆ 1,500 ರೂಪಾಯಿ. ಬಿಲ್ ಕೊಡುತ್ತೀರಾ ಎಂದು ಕೇಳಿದೆ. ಬಿಲ್ ಬರುವುದಿಲ್ಲ, ಎಲ್ಲರೂ ಇಡುತ್ತಾರೆ, ಯಾರೂ ಕೇಳುವುದಿಲ್ಲ ಎಂದ. ಲೆಕ್ಕಶಾಸ್ತ್ರದ ಮೊದಲ ಪಾಠದಲ್ಲೇ ಸರ್ ಹೇಳಿದ್ದರು: ವೋಚರ್ ಇಲ್ಲದೆ ನಮೂದು ಇಲ್ಲ. ಬೇಡ ಎಂದೆ. ಚಿತ್ರಗಳು ನಿಜಕ್ಕೂ ಸುಂದರವಾಗಿದ್ದವು, ಅದನ್ನೂ ಹೇಳಬೇಕು. ನಮ್ಮ ದೊಡ್ಡಮ್ಮನ ಮಗ ನೀನು ತುಂಬಾ ಹೆದರುತ್ತೀ ಎಂದ. ಪೊಲೀಸರ ಭಯಕ್ಕಿಂತ ನನಗೆ ಇದ್ದದ್ದು ಮೇ ತಿಂಗಳ ಭಯ.

ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಸಮುದ್ರದ ನೀರು ತನ್ನ ಮಾಮೂಲಿ ಬೇಸಿಗೆಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕು, ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಸಿ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಜಗತ್ತಿನಾದ್ಯಂತ ಹೀಗಾಗುತ್ತಿದೆ ಎಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಘೋಷಿಸಿದರು, ಇದು ನಾಲ್ಕನೆಯ ಸಲ. ಅದೇ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳಗಳೂ ಬೆಳ್ಳಗಾದವು. ಅಷ್ಟು ದೊಡ್ಡ ಸಮುದ್ರವೇ ತಂಪು ಉಳಿಸಿಕೊಳ್ಳಲಾಗದಾಗ, ಕರೆಂಟ್ ಹೋಗಿಬರುವ ಊರಿನ ಅರವತ್ತು ಲೀಟರ್ ನೀರನ್ನು ನಂಬಿ ಒಂದು ಹವಳವನ್ನು ಇಲ್ಲಿಗೆ ತರುವುದು ನ್ಯಾಯವೇ?

ಮೀನಿನ ವಿಷಯ ಬೇರೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮೊಟ್ಟೆಯಿಡಿಸಿ ಮರಿ ಬೆಳೆಸುವ ವಿಧಾನ ರೂಪಿಸಿದ್ದಾರೆ. ಹಾಗೆ ತೊಟ್ಟಿಯಲ್ಲಿ ಹುಟ್ಟಿದವು ಎಂದು ಬರೆದ ಬಿಲ್ಲಿನೊಂದಿಗೆ ನಮ್ಮ ಜೋಡಿ ಹೈದರಾಬಾದಿನಿಂದ ರಾತ್ರಿ ಬಸ್ಸಿನಲ್ಲಿ ಬಂತು. ಅವು ಸಮುದ್ರವನ್ನೇ ಕಂಡಿಲ್ಲ, ಅವುಗಳಿಗಾಗಿ ಸಮುದ್ರದಿಂದ ಏನೂ ಕಡಿಮೆಯಾಗಿಲ್ಲ. ಎರಡೂ ಮಾಮೂ ಮಾಡಿದ ಕಲ್ಲಿನ ಪೊಟರೆಯಲ್ಲಿ ಮಲಗುತ್ತವೆ.

ಬೇಸಿಗೆಯಲ್ಲಿ ನಮಗೆ ಆಸರೆಯಾದದ್ದು ನಮ್ಮ ಒಣ ಹವೆಯೇ. ನೀರಿನ ಮೇಲೆ ಚಿಕ್ಕ ಫ್ಯಾನ್ ಬಿಟ್ಟರೆ ನೀರು ಆವಿಯಾಗುತ್ತದೆ, ಆವಿಯಾಗುವಾಗ ಶಾಖ ತೆಗೆದುಕೊಂಡು ಹೋಗುತ್ತದೆ. ಮಣ್ಣಿನ ಮಡಕೆ, ಮನೆಯ ಕೂಲರ್ ಎರಡೂ ಇದೇ ರೀತಿ. ಕೋಣೆ 36 ಡಿಗ್ರಿ ಇದ್ದಾಗಲೂ ತೊಟ್ಟಿ 29ರಲ್ಲಿ ನಿಂತಿತು. ಆದರೆ ಉಪ್ಪು ಆವಿಯಾಗುವುದಿಲ್ಲ. ಆದ್ದರಿಂದ ಇಳಿದಷ್ಟು ನೀರನ್ನು ದಿನಾ ಸಿಹಿನೀರಿನಿಂದಲೇ ತುಂಬಬೇಕು, ಉಪ್ಪುನೀರು ಹಾಕಿದರೆ ತೊಟ್ಟಿ ದಿನೇ ದಿನೇ ಹೆಚ್ಚು ಉಪ್ಪಾಗುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದಕ್ಕೇ ಕರೆಂಟ್ ಹೋದ ತಕ್ಷಣ ಬ್ಯಾಟರಿ ಪಂಪು ಹಾಕುವುದು ತಮ್ಮನ ಜವಾಬ್ದಾರಿ.

ಅಬ್ಬಾ ಆಕ್ಷೇಪಿಸಿದ್ದು ಎರಡೇ ವಿಷಯಕ್ಕೆ. ಒಂದು ಕರೆಂಟ್, ಇನ್ನೊಂದು ನೀರು. ನಮ್ಮದು ಗೃಹಜ್ಯೋತಿ ಮನೆ. 2022–23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10, ಅಷ್ಟು ಉಚಿತ. ದಾಟಿದ್ದಕ್ಕೆ ಹಣ ಕಟ್ಟಬೇಕು. ಪಂಪು, ದೀಪ, ಫ್ಯಾನ್ ಸೇರಿ ತಿಂಗಳಿಗೆ ಸುಮಾರು 14 ಯೂನಿಟ್. ಅಂಗಳದಲ್ಲಿ ರಾತ್ರಿ ಎಂಟು ಗಂಟೆ ಉರಿಯುತ್ತಿದ್ದ 60 ವ್ಯಾಟಿನ ಹಳದಿ ಬಲ್ಬು ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿದೆ. ತಿಂಗಳಿಗೆ 12 ಯೂನಿಟ್ ಉಳಿಯಿತು. ನಿಜವಾದ ಹೆಚ್ಚಳ ಎರಡೇ ಯೂನಿಟ್. ಅಬ್ಬಾ ಬಿಲ್ ನೋಡಿ ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ಒಪ್ಪಿಗೆ ಎಂದೇ ಅರ್ಥ.

ನೀರಿನ ಪ್ರಶ್ನೆ ಅಷ್ಟು ಸುಲಭವಿರಲಿಲ್ಲ. ವಾರಕ್ಕೆ ಆರು ಲೀಟರ್ ಬದಲಾವಣೆಗೆ, ಒಂಬತ್ತು ಲೀಟರ್ ಆವಿಯಾದದ್ದಕ್ಕೆ. ಹದಿನೈದು ಲೀಟರ್ ಆರ್‌ಒ ನೀರು ಸಿಗಲು ನಮ್ಮ ಯಂತ್ರ ಸುಮಾರು 45 ಲೀಟರ್ ಹೊರಗೆ ಬಿಡುತ್ತದೆ. ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಹರಿಯುವ ನದಿಯ ದಂಡೆಯಲ್ಲಿ ವುಜೂ ಮಾಡುವಾಗಲೂ ನೀರು ಪೋಲು ಮಾಡಬಾರದು ಎಂದು ಚಿಕ್ಕಂದಿನಿಂದ ಕೇಳಿದ್ದೇವೆ, ಆ ಮಾತನ್ನು ಅಬ್ಬಾ ನೆನಪಿಸಿದರು. ಈಗ ಆ 45 ಲೀಟರ್ ಒಂದು ಡ್ರಮ್ಮಿಗೆ ಹೋಗುತ್ತದೆ. ಫರಸಿ ಒರೆಸಲು, ಶೌಚಾಲಯಕ್ಕೆ, ಅಬ್ಬಾನ ಸೈಕಲ್‌ಮೋಟಾರು ತೊಳೆಯಲು ಅದೇ ನೀರು. ತೊಟ್ಟಿಯಿಂದ ತೆಗೆದ ಉಪ್ಪುನೀರನ್ನು ಮಾತ್ರ ಗಿಡಕ್ಕೂ ಮಣ್ಣಿಗೂ ಹಾಕುವುದಿಲ್ಲ. ಅದು ನೇರ ಚರಂಡಿಗೆ.

ಸೂರಃ ಅರ್‌ರಹ್ಮಾನ್‌ನಲ್ಲಿ ಮರ್ಜಾನ್ ಅಂದರೆ ಹವಳದ ಹೆಸರು ಬರುತ್ತದೆ. ಅದಕ್ಕೂ ಮೊದಲು, ಅದೇ ಸೂರಃದಲ್ಲಿ, ಮೀಜಾನ್ ಬರುತ್ತದೆ, ತಕ್ಕಡಿ. ದಾದಿಯ ಹತ್ತಿರ ಕೂತು ಇದನ್ನು ಎಷ್ಟೋ ಸಲ ಓದಿದ್ದೇನೆ. ತೊಟ್ಟಿ ಬಂದ ಮೇಲೆ ಆ ಎರಡು ಪದಗಳು ಒಂದೇ ಕಡೆ ಇರುವುದನ್ನು ಗಮನಿಸಿದೆ. ತೂಕ ತಪ್ಪಿಸದಿರುವುದು ಮೊದಲು, ಸಮುದ್ರದ ಸೊಬಗು ಆಮೇಲೆ. ನನಗೆ ಅರ್ಥವಾದದ್ದು ಇಷ್ಟು. ದಾದಿಗೆ ಹೇಳಿದಾಗ ಅವರು ತಮ್ಮ ಮೂಂಗಾ ಉಂಗುರವನ್ನು ತಿರುಗಿಸುತ್ತಾ, ಇದೂ ಜೀವವಿತ್ತಾ ಎಂದು ಕೇಳಿದರು. ಹೌದು ಎಂದೆ. ಬಹಳ ಹೊತ್ತು ಅದನ್ನೇ ನೋಡಿದರು.

ಮೀನನ್ನು ಆಸ್ತಿ ಎಂದು ತೋರಿಸಿ ಪ್ರತಿ ವರ್ಷ ಸವಕಳಿ ಹಾಕಬೇಕೇ ಎಂದು ಲೆಕ್ಕಶಾಸ್ತ್ರದ ಸರ್ ಅವರನ್ನು ಕೇಳಿದ್ದೆ. ಪಂಪಿಗೆ ಹಾಕು, ದೀಪಕ್ಕೆ ಹಾಕು, ಮನೆಯಲ್ಲಿ ಸಾಕಿದ ಜೀವಕ್ಕೆ ಸವಕಳಿ ಹಾಕಬೇಡ ಎಂದು ನಕ್ಕರು. ಮುಂದಿನ ವರ್ಷ ಬಿ.ಕಾಂ. ಓದಲು ನಾನು ಕಲಬುರಗಿಗೆ ಹೋಗುತ್ತೇನೆ. ರಿಜಿಸ್ಟರನ್ನು ತಮ್ಮನಿಗೆ ಕೊಟ್ಟಿದ್ದೇನೆ, ಉಪ್ಪು ತೂಗುವುದೂ ಕಲಿಸಿದ್ದೇನೆ. ಮೊದಲ ಪುಟದಲ್ಲಿ ಕೆಂಪು ಶಾಯಿಯಿಂದ ಒಂದು ನಿಯಮ ಬರೆದಿದ್ದೇನೆ: ಎರಡು ದಿನ ಸತತವಾಗಿ ನೀರು 31 ಡಿಗ್ರಿ ದಾಟಿದರೆ ಮೀನುಗಳನ್ನು ತಂದಲ್ಲಿಗೇ ವಾಪಸ್ ಕಳಿಸಬೇಕು, ನನ್ನನ್ನು ಕೇಳಲು ಕಾಯಬಾರದು. ಅದರ ಕೆಳಗೆ ಅವನ ಸಹಿ ಇದೆ. ಪಕ್ಕದಲ್ಲಿ ಸಾಕ್ಷಿಯಾಗಿ ಅಬ್ಬಾನ ಸಹಿಯೂ ಇದೆ.