ಹೊದಿಕೆಯ ಮೇಲಿನ ಹೆಸರು

ಕಾಲೇಜಿನಲ್ಲಿ ಓದುತ್ತಿರುವ ನನ್ನ ಮಗಳು ಪಾಠದ ಅಂಗವಾಗಿ ಒಂದು ಹಾಡಿನ ವಿಡಿಯೋವನ್ನೂ ಅದರ ಆಲ್ಬಮ್ಮಿಗೊಂದು ಹೊದಿಕೆಯನ್ನೂ ಸಿದ್ಧಪಡಿಸಬೇಕಾಗಿ ಬಂದಿತು. ಅವಳು ಆರಿಸಿಕೊಂಡುದು, 1992ರಲ್ಲಿ ನನ್ನ ತಂಗಿ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದ ನಮ್ಮ ತಾಯಿಯ ಹಸೆಯ ಹಾಡನ್ನು.

ಹಳೆಯ ಕ್ಯಾಸೆಟ್ಟು ಒಂದೊಂದು ಸಲ ಒಂದೊಂದು ವೇಗದಲ್ಲಿ ಓಡುವುದು. ಆದುದರಿಂದ ಹಾಡನ್ನು ಮೊದಲು ಕಂಪ್ಯೂಟರಿಗೆ ಇಳಿಸಿ, ಆ ಪ್ರತಿಯನ್ನೇ ನುಡಿಸುತ್ತ ಚಿತ್ರ ತೆಗೆದರು; ಇಲ್ಲವಾದರೆ ತುಟಿಯೂ ದನಿಯೂ ಅಗಲಿಹೋಗುವುವಂತೆ. ಸೆಕೆಂಡಿಗೆ 25 ಚಿತ್ರಗಳು; ಮೂರು ತಪ್ಪಿದರೂ ನೋಡುವವರಿಗೆ ತಿಳಿಯುತ್ತದೆ. ಪ್ರತಿ ಸಲವೂ ಆರಂಭದಲ್ಲಿ ಒಂದು ಚಪ್ಪಾಳೆ: ಕೈ ಕೂಡಿದ ಚಿತ್ರಕ್ಕೆ ಆ ಸದ್ದನ್ನು ಹೊಂದಿಸಿದರೆ ಮುಂದಿನದೆಲ್ಲ ತಾನಾಗಿ ಹೊಂದುವುದು. ಬೀಸುವ ಕಲ್ಲಿನ ಮುಂದೆ ಕುಳಿತ ಗೆಳತಿಯೊಬ್ಬಳ ತುಟಿಗಳಿಂದ ನನ್ನ ತಾಯಿಯ ದನಿ ಹೊರಟಾಗ ನಾನು ಎದ್ದು ಹಿತ್ತಲಿಗೆ ಹೋದೆನು.

ಅಂಗೈಯಗಲದ ಹೊದಿಕೆಯನ್ನು ಅಕ್ಷರದೋಷ ತಿದ್ದಲೆಂದು ನನಗೆ ಕೊಟ್ಟರು. ದೋಷವಿರಲಿಲ್ಲ. ನಟಿಸಿದವಳ ಹೆಸರಿತ್ತು, ಚಿತ್ರ ತೆಗೆದವನದಿತ್ತು. ಹಾಡಿದವಳ ಎಡೆಯಲ್ಲಿ ‘ಸಾಂಪ್ರದಾಯಿಕ’ ಎಂದಷ್ಟೇ. ಕೋಪ ಬಂದಿತು; ಆದರೆ ಯಾರ ಮೇಲೆ? ಮೂವತ್ತು ವರ್ಷ ಹುಡುಗರಿಗೆ ರಘುವಂಶ ಬಾಯಿಪಾಠ ಮಾಡಿಸಿದ ನಾನು, ಹೆಂಗಸರ ಹಾಡೆಂಬ ಉದಾಸೀನದಿಂದ, ಅಕ್ಷರವರಿಯದ ಆಕೆಯ ಒಂದು ಹಾಡನ್ನೂ ಬರೆದಿಡಲಿಲ್ಲ.

“ಅಜ್ಜಿಯ ಪೂರ್ತಿ ಹೆಸರೇನಪ್ಪ?” ಎಂದಳು ಮಗಳು.

ಆ ಮಾತನ್ನು ಹೊಡೆದುಹಾಕಿ ಹೆಸರನ್ನು ಬರೆದುಕೊಟ್ಟೆನು. ಕೆಂಪು ಶಾಯಿಯಲ್ಲಿಯೇ, ಬೇರೆ ಲೇಖನಿ ಕೈಗೆ ಸಿಕ್ಕಲಿಲ್ಲ.