ಹಾವು ಹಲ್ಲಿಗಳಿಗೆ ಮನೆ ಹುಡುಕಿದ್ದು

ಇಲ್ಲಿ ಏನಾದ್ರೂ ಬರೆದು ತಿಂಗಳುಗಳೇ ಆಗಿಹೋಯ್ತು. ಮನೆ ಖಾಲಿ ಮಾಡೋದು ಅಂದ್ರೆ ಏನು ಅಂತ ಮಾಡಿದವರಿಗೇ ಗೊತ್ತು. ಅದರಲ್ಲೂ ಹದಿನಾರು ವರ್ಷ ಇದ್ದ ಓಹಾಯೋದಿಂದ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ. ಸೋಫಾ ಮಾರಿದ್ವಿ, ಕಾರು ಮಾರಿದ್ವಿ, ಇಡ್ಲಿ ಪಾತ್ರೆ ಪಕ್ಕದ ಬೀದಿಯ ತೆಲುಗಿನವರಿಗೆ ಕೊಟ್ವಿ. ಇದೆಲ್ಲ ಎಲ್ಲರೂ ಮಾಡೋದೇ. ನಮ್ಮ ಮನೆಯಲ್ಲಿ ಇನ್ನೊಂದು ಪಟ್ಟಿ ಇತ್ತು. ಎರಡು ಹಾವು, ಎರಡು ಹಲ್ಲಿ, ಒಂದು ಓತಿಕ್ಯಾತ.

ನಗಬೇಡಿ. ನಾನು ಹಲ್ಲಿ ಲೊಚಗುಟ್ಟಿದ್ರೆ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಅನ್ನೋ ಮನೆಯಿಂದ ಬಂದವಳು. ಮೈಮೇಲೆ ಹಲ್ಲಿ ಬಿದ್ರೆ ಪಂಚಾಂಗ ತೆಗೆದು ಫಲ ನೋಡ್ತಿದ್ರು ನಮ್ಮಜ್ಜಿ. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೆ ಏಳು ವರ್ಷಕ್ಕೇ ಹಲ್ಲಿ ಹುಚ್ಚು. ನಾಯಿ ಬೇಡ, ಬೆಕ್ಕು ಬೇಡ, ಲೆಪರ್ಡ್ ಗೆಕೋ ಬೇಕು ಅಂತ ಒಂದು ವರ್ಷ ಹಟ ಹಿಡಿದ. 2017ರಲ್ಲಿ ಅಂತೂ ಒಂದು ಬಂತು. ಮೈ ತುಂಬಾ ಚಿರತೆ ಚುಕ್ಕಿ, ದಪ್ಪ ಬಾಲ, ಮುಖದಲ್ಲಿ ಸದಾ ಒಂದು ಸಣ್ಣ ನಗು. ಅದಕ್ಕೆ ರಾಗಿ ಅಂತ ಹೆಸರಿಟ್ಟ. ಮುಂದಿನ ವರ್ಷ ಅವರೆ ಬಂದಳು. ಆಮೇಲೆ ಕಾರ್ನ್ ಸ್ನೇಕ್, ಅದು ಜೋಳ. ಆಮೇಲೆ ಗಡ್ಡದ ಓತಿಕ್ಯಾತ, ಅಂದ್ರೆ ಬಿಯರ್ಡೆಡ್ ಡ್ರ್ಯಾಗನ್. ಕಲ್ಲಿನ ಮೇಲೆ ಕೂತು ತಲೆ ಆಡಿಸುತ್ತಾ ಎಲ್ಲರನ್ನೂ ಗದರಿಸೋ ಹಾಗೆ ನೋಡ್ತಿದ್ರಿಂದ ಅದು ಮೇಷ್ಟ್ರು. ಕೊನೆಗೆ ಬಾಲ್ ಪೈಥಾನ್. ಹೆದರಿದ್ರೆ ತಲೆಯನ್ನ ನಡುವೆ ಬಚ್ಚಿಟ್ಟು ಉಂಡೆಯಾಗೋ ಜಾತಿ ಅದು. ಹೆಸರು ಬೋಂಡಾ.

ಸಸ್ಯಾಹಾರಿ ಮನೆಯಲ್ಲಿ ಹಾವು ಸಾಕೋದರ ಗಮ್ಮತ್ತು ಬೇರೆ ಬರೀಬೇಕು. ಹಾವಿಗೆ ಹಾಕೋ ಇಲಿ ಫ್ರೀಜ್ ಆಗಿ ಪೊಟ್ಟಣದಲ್ಲಿ ಬರುತ್ತೆ. ಒಂದು ಸಲ ಕಾಯಿತುರಿ ಅಂತ ಡಬ್ಬ ತೆಗೆದು ನಾನು ಕಿರುಚಿದ ಮೇಲೆ ನಮ್ಮವರು ಗ್ಯಾರೇಜಿಗೆ ಬೇರೆ ಸಣ್ಣ ಫ್ರೀಜರ್ ತಂದಿಟ್ರು. ಹಲ್ಲಿಗಳಿಗೆ ಹಾಕೋ ಕ್ರಿಕೆಟ್ ಹುಳುಗಳಿಗೆ ಮೊದಲು ಕ್ಯಾಲ್ಸಿಯಂ ಪುಡಿ ಮೆತ್ತಬೇಕು. ಮೈಯೆಲ್ಲ ವಿಭೂತಿ ಬಳಿದುಕೊಂಡ ಹಾಗೆ ಕಾಣ್ತವೆ ಪಾಪ. ಅವುಗಳಲ್ಲಿ ಒಂದೆರಡು ತಪ್ಪಿಸಿಕೊಂಡು ಸೋಫಾ ಕೆಳಗೆ ಸೇರಿ ರಾತ್ರಿಯೆಲ್ಲ ಕಿರ್ ಅನ್ನೋವು. ನಮ್ಮವರು ಮಾತ್ರ ಕಣ್ಣು ಮುಚ್ಚಿಕೊಂಡು "ಊರಲ್ಲಿ ಮಲಗಿದ ಹಾಗಿದೆ" ಅನ್ನೋರು.

ಹೀಗಿರುವಾಗ 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರ್ಕೊಂಡರು. ಅಪ್ಪ ಹೋಗಿ ಆಗಲೇ ನಾಲ್ಕು ವರ್ಷ. ನಾನು ಒಬ್ಬಳೇ ಮಗಳು. ವಾಪಸು ಹೋಗೋಣ ಅಂತ ತೀರ್ಮಾನ ಮಾಡೋದಕ್ಕೆ ನಮಗೆ ಎರಡು ರಾತ್ರಿ ಸಾಕಾಯ್ತು.

ಮಗನಿಗೆ ಹೇಳೋದಕ್ಕೆ ಎರಡು ವಾರ ಬೇಕಾಯ್ತು.

ಇವುಗಳನ್ನ ಜೊತೆಗೆ ತರೋ ದಾರಿ ಇರಲಿಲ್ಲ. ನಾಯಿ ಬೆಕ್ಕಾಗಿದ್ರೆ ವಾಸ ಬದಲಿಸಿ ಬರುವವರಿಗೆ ಭಾರತ ಸರ್ಕಾರ ಎರಡಕ್ಕೆ ಅವಕಾಶ ಕೊಡುತ್ತೆ. ಹಾವು ಓತಿಕ್ಯಾತ ಸಾಮಾನಿನ ಜೊತೆ ಬರೋ ಹಾಗಿಲ್ಲ. ಬಾಲ್ ಪೈಥಾನ್ ಅಂತೂ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿರೋ ಜೀವಿ, ಪರವಾನಗಿ ಇಲ್ಲದೆ ಗಡಿ ದಾಟಿಸೋ ಹಾಗೇ ಇಲ್ಲ. ಇದನ್ನೆಲ್ಲ ಮಗನ ಮುಂದೆ ಕೂತು ವಿವರಿಸಿದೆ. ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ ಒಂದೇ ಮಾತು ಕೇಳಿದ.

"ಅಮ್ಮಾ, ಅಜ್ಜಿನ ನೋಡ್ಕೊಳ್ಳೋರು ಯಾರೂ ಇಲ್ಲ ಅಂತ ನಾವು ಹೋಗ್ತಿದೀವಿ. ಇವರನ್ನ ನೋಡ್ಕೊಳ್ಳೋರು ಯಾರು?"

ಹದಿಮೂರು ವರ್ಷದ ಹುಡುಗ. ನನ್ನ ಹತ್ರ ಉತ್ತರ ಇರಲಿಲ್ಲ.

ನಮ್ಮವರದ್ದು ಬೇರೆ ಲೆಕ್ಕ. "ಉಚಿತ ಅಂತ ಜಾಹೀರಾತು ಹಾಕು, ಒಂದೇ ವಾರದಲ್ಲಿ ಯಾರಾದ್ರೂ ತಗೊಂಡು ಹೋಗ್ತಾರೆ, ನಿಂಗೂ ಒಂದು ಕೆಲಸ ಕಮ್ಮಿ ಆಗುತ್ತೆ" ಅಂದ್ರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದ್ರೂ ನಾನು ಅವರ ಮೇಲೆ ಹಾರಾಡಿಬಿಟ್ಟೆ. "ಯಾರಾದ್ರೂ ಅಂದ್ರೆ ಯಾರು?" ಅಂತ. ಅಷ್ಟು ಕೋಪ ಯಾಕೆ ಬಂತು ಅಂತ ಅವರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು.

ಇದನ್ನ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, 1984ರಲ್ಲಿ, ನಾವು ಚಿಂತಾಮಣಿಯಲ್ಲಿದ್ವಿ. ಆ ಕಡೆಯ ಕುರುಚಲು ಗುಡ್ಡಗಳಲ್ಲಿ ನಕ್ಷತ್ರ ಆಮೆ ಇರ್ತಿದ್ವು. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳ ರಂಗೋಲಿ ಇಟ್ಟ ಹಾಗೆ. ಹೊಲದಲ್ಲಿ ಸಿಕ್ಕಿತು ಅಂತ ಯಾರೋ ಅಪ್ಪನಿಗೆ ತಂದುಕೊಟ್ರು. ಈಗಾದ್ರೆ ಅದನ್ನ ಮನೆಯಲ್ಲಿ ಇಟ್ಟುಕೊಳ್ಳೋದು ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅಂತ ಮಕ್ಕಳಿಗೂ ಗೊತ್ತು. ಆಗ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಆಮೆ ಇದ್ರೆ ಒಳ್ಳೇದು ಅಂತಷ್ಟೇ ಗೊತ್ತಿತ್ತು. ಹಿತ್ತಲಲ್ಲಿ ಎರಡು ವರ್ಷ ಇತ್ತು ನಮ್ಮ ಚುಕ್ಕಿ. ಸೌತೆಕಾಯಿ ಸಿಪ್ಪೆ, ದಾಸವಾಳದ ಹೂವು ತಿನ್ನುತ್ತಿತ್ತು. ನಾನು ಸ್ಕೂಲಿಂದ ಬಂದು ಚಿಪ್ಪು ತಟ್ಟಿದ್ರೆ ಕತ್ತು ಹೊರಗೆ ಹಾಕೋದು.

ಅಪ್ಪನಿಗೆ ಶಿವಮೊಗ್ಗಕ್ಕೆ ವರ್ಗ ಆಯ್ತು. ಲಾರಿಗೆ ಸಾಮಾನು ತುಂಬಿದ ದಿನ ಅಪ್ಪ ನನ್ನನ್ನೂ ಚುಕ್ಕಿಯನ್ನೂ ಸೈಕಲ್ ಮೇಲೆ ಕೂರಿಸಿಕೊಂಡು ಊರ ಹೊರಗಿನ ದೇವಸ್ಥಾನದ ಕಲ್ಯಾಣಿಗೆ ಕರ್ಕೊಂಡು ಹೋದ್ರು. ಕೂರ್ಮಾವತಾರ, ನೀರಿಗೆ ಸೇರಿಸಿದ್ರೆ ಪುಣ್ಯ ಅಂತ ಅರಿಶಿನ ಕುಂಕುಮ ಹಚ್ಚಿ, ಕೈ ಮುಗಿದು, ಕೊನೆಯ ಮೆಟ್ಟಿಲಿಂದ ನೀರಿಗೆ ಬಿಟ್ರು. ಚುಕ್ಕಿ ಮುಳುಗಿತು. ನಾನು ಟಾಟಾ ಮಾಡಿದೆ. ಒಳಗೆ ಮನೆ ಮಾಡ್ಕೊಂಡು ಖುಷಿಯಾಗಿರುತ್ತೆ ಅಂದ್ರು ಅಪ್ಪ. ಮೂವತ್ತೊಂದು ವರ್ಷ ನಾನು ಹಾಗೇ ಅಂದುಕೊಂಡಿದ್ದೆ.

2017ರಲ್ಲಿ ಮಗನ ಪಕ್ಕ ಕೂತು ಅವನ ಸರೀಸೃಪಗಳ ಪುಸ್ತಕ ಓದುವಾಗ ಗೊತ್ತಾಯ್ತು. ಇಂಗ್ಲಿಷಿನಲ್ಲಿ ನೀರಿನದ್ದು ಟರ್ಟಲ್, ನೆಲದ್ದು ಟಾರ್ಟಾಯ್ಸ್. ನಮ್ಮಲ್ಲಿ ಎರಡೂ ಆಮೆಯೇ. ನೆಲದ ಆಮೆಗೆ ಆನೆಯ ಕಾಲಿನಂಥ ಕಾಲು, ಈಜೋಕೆ ಬರಲ್ಲ. ಆಳದ ನೀರಿಗೆ ಹಾಕಿದ್ರೆ ಮುಳುಗಿ ಸಾಯುತ್ತೆ. ಪುಟದ ಮೇಲೆ ಚುಕ್ಕಿಯ ಚಿತ್ರವೇ ಇತ್ತು, ಅದೇ ಹಳದಿ ಗೆರೆ. ಮಗ "ಅಮ್ಮಾ ಮುಂದಿನ ಪುಟ" ಅಂತಿದ್ದ. ನನ್ನ ಕೈ ಆಡಲಿಲ್ಲ.

ಅಪ್ಪನಿಗೆ ಹೇಳಲಿಲ್ಲ. ಅವರು ಭಕ್ತಿಯಿಂದಲೇ ಮಾಡಿದ್ದು. ಪ್ರೀತಿಯೂ ಇತ್ತು. ಆ ಪ್ರಾಣಿಗೆ ಏನು ಬೇಕು ಅಂತ ಮಾತ್ರ ಯಾರೂ ಕೇಳಿರಲಿಲ್ಲ.

ಸರಿ, ಈ ಸಲ ಕೇಳೋಣ ಅಂತ ಕೂತೆ. ಮಗನೂ ನಾನೂ ಸೇರಿ ಒಂದೊಂದು ಪ್ರಾಣಿಗೆ ಒಂದೊಂದು ನೋಟ್‌ಬುಕ್ ಮಾಡಿದ್ವಿ. ಹುಟ್ಟಿದ ವರ್ಷ, ತೂಕ (ಅಡುಗೆ ಮನೆ ತಕ್ಕಡಿಯಲ್ಲಿ ತೂಗಿದ್ದು, ರಾಗಿ 62 ಗ್ರಾಂ), ಏನು ತಿನ್ನುತ್ತೆ, ಎಷ್ಟು ದಿನಕ್ಕೊಮ್ಮೆ, ಕೊನೆಯ ಸಲ ಪೊರೆ ಬಿಟ್ಟಿದ್ದು ಯಾವಾಗ, ಪೆಟ್ಟಿಗೆಯ ಬಿಸಿ ಬದಿ ಎಷ್ಟು ಡಿಗ್ರಿ, ತಂಪು ಬದಿ ಎಷ್ಟು. ಸರೀಸೃಪಕ್ಕೆ ಮೈ ಬಿಸಿ ತಾನೇ ಮಾಡಿಕೊಳ್ಳೋಕೆ ಬರಲ್ಲ. ಬಿಸಿ ಸಿಗದಿದ್ರೆ ತಿಂದದ್ದೂ ಅರಗಲ್ಲ. ಅದಕ್ಕೇ ನಮ್ಮ ಮೊದಲ ಪ್ರಶ್ನೆ, ನಿಮ್ಮ ಹತ್ರ ಥರ್ಮೋಸ್ಟಾಟ್ ಇದೆಯಾ ಅಂತ.

ಉಚಿತ ಅಂತ ಹಾಕಲಿಲ್ಲ, ಸಣ್ಣ ಬೆಲೆ ಇಟ್ವಿ. ದುಡ್ಡಿನ ಆಸೆಗಲ್ಲ. ಉಚಿತ ಅಂದ್ರೆ ದೊಡ್ಡ ಹಾವಿನ ಬಾಯಿಗೆ ಹಾಕೋಕೆ ಹಲ್ಲಿ ತಗೊಂಡು ಹೋಗೋರೂ ಇರ್ತಾರೆ. ಬಂದ ಫೋನುಗಳಲ್ಲಿ ಅರ್ಧ ಜನಕ್ಕೆ ಪ್ರಾಣಿ ಬೇಡ, ಗಾಜಿನ ಪೆಟ್ಟಿಗೆ ಮತ್ತು ದೀಪ ಬೇಕು. ಒಬ್ಬ ಐದನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬಹುದಾ ಅಂತ ಕೇಳಿದ. ಇನ್ನೊಬ್ಬರಿಗೆ ಶನಿವಾರ ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡೋಕೆ ಬೋಂಡಾ ಬೇಕಿತ್ತು, ಉಡುಗೊರೆ ತಗೊಳ್ಳೋರಿಗೆ ವಿಷಯವೇ ಗೊತ್ತಿಲ್ಲ. ಬಾಲ್ ಪೈಥಾನ್ ಇಪ್ಪತ್ತು ಮೂವತ್ತು ವರ್ಷ ಬದುಕುತ್ತೆ ಸ್ವಾಮಿ ಅಂದೆ. ಫೋನ್ ಇಟ್ರು.

ಬೇಸತ್ತ ಒಂದು ಸಂಜೆ ನಮ್ಮವರು ತಮಾಷೆಗೆ "ಹಿಂದಿನ ಕಾಡಿಗೆ ಬಿಟ್ಟುಬಿಡೋಣ್ವಾ" ಅಂದ್ರು. ಓಹಾಯೋದ ಜನವರಿಯಲ್ಲಿ ಬೋಂಡಾ ಒಂದು ರಾತ್ರಿ ಬದುಕಲ್ಲ. ಬದುಕೋ ಜಾಗದಲ್ಲಿ ಬಿಟ್ರೆ ಏನಾಗುತ್ತೆ ಅನ್ನೋದಕ್ಕೆ ಫ್ಲಾರಿಡಾ ಇದೆ. ಸಾಕಲಾಗದೆ ಬಿಟ್ಟ, ತಪ್ಪಿಸಿಕೊಂಡ ಬರ್ಮೀಸ್ ಹೆಬ್ಬಾವುಗಳು ಅಲ್ಲಿನ ಜೌಗು ಕಾಡಲ್ಲಿ ಸಂಸಾರ ಹೂಡಿ ಸಣ್ಣ ಪ್ರಾಣಿಗಳನ್ನೆಲ್ಲ ನುಂಗಿ ಹಾಕಿವೆ. ಕೊನೆಗೆ 2012ರಲ್ಲಿ ಅಮೆರಿಕ ಅವುಗಳ ಆಮದನ್ನೇ ನಿಲ್ಲಿಸಬೇಕಾಯ್ತು. ನಮ್ಮೂರೇನು ಕಮ್ಮಿ ಇಲ್ಲ. ಕೆಂಪು ಕಿವಿಯ ಪುಟ್ಟ ಆಮೆ ತಂದು, ಅದು ತಟ್ಟೆಯಷ್ಟು ದೊಡ್ಡದಾದ ಮೇಲೆ ಕೆರೆಗೆ ಹಾಕೋರು ಬೆಂಗಳೂರಲ್ಲೂ ಇದ್ದಾರೆ.

ಒಂದೊಂದಾಗಿ ಮನೆ ಸಿಕ್ವು. ಮೇಷ್ಟ್ರು ನಿಜವಾದ ಮೇಷ್ಟ್ರ ಹತ್ರವೇ ಹೋದ್ರು. ಹೈಸ್ಕೂಲಿನ ಜೀವಶಾಸ್ತ್ರದ ಟೀಚರ್. ಬೇಸಿಗೆ ರಜದಲ್ಲಿ ಯಾರು ನೋಡ್ತಾರೆ ಅಂತ ಮಗ ಕೇಳಿದ. ಮನೆಗೆ ಕರ್ಕೊಂಡು ಹೋಗ್ತೀನಿ, ಮಕ್ಕಳು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯೋದು ನನ್ನ ಕ್ಲಾಸಿನ ಮೊದಲ ನಿಯಮ ಅಂದ್ರು. ರಾಗಿ, ಅವರೆ ಇಬ್ಬರೂ ನರ್ಸಿಂಗ್ ಓದೋ ಹುಡುಗಿಯ ಕೋಣೆಗೆ ಹೋದರು, ಬೇರೆ ಬೇರೆ ಪೆಟ್ಟಿಗೆಯಲ್ಲಿ.

ಜೋಳವನ್ನ ಕೇಳಿದ್ದು ಮಗನ ಗೆಳೆಯ, ಪಕ್ಕದ ಬೀದಿಯವನು. ಅವನ ಅಮ್ಮನಿಗೆ ಹಾವು ಅಂದ್ರೆ ಜೀವ ಹೋಗುತ್ತೆ. ನಾನು ಅವರನ್ನ ಕೂರಿಸಿಕೊಂಡು ಟೀ ಕೊಟ್ಟು ನಿಜ ಹೇಳಿದೆ. "ಇದು ಹದಿನೈದು ಇಪ್ಪತ್ತು ವರ್ಷ ಬದುಕುತ್ತೆ. ನಿಮ್ಮ ಮಗ ಆರು ವರ್ಷಕ್ಕೆ ಕಾಲೇಜಿಗೆ ಹೋಗ್ತಾನೆ. ಆಮೇಲೆ ಇಲಿ ಕರಗಿಸೋದು ನೀವೇ." ಅವರು ಎರಡು ದಿನ ಸಮಯ ಕೇಳಿದ್ರು. ಮೂರನೇ ದಿನ ಬಂದು, ಕಣ್ಣು ಅರ್ಧ ಮುಚ್ಚಿಕೊಂಡೇ, ಜೋಳವನ್ನ ಕೈಗೆ ತಗೊಂಡ್ರು. "ಒಣಗಿದೆ! ನಾನು ಲೋಳೆ ಲೋಳೆ ಅಂದ್ಕೊಂಡಿದ್ದೆ" ಅಂದ್ರು. ನಾನೂ ಮೊದಲ ಸಲ ಅದೇ ಮಾತು ಹೇಳಿದ್ದೆ.

ಬೋಂಡಾ ಉಳಿದ. ಬಾಲ್ ಪೈಥಾನನ್ನ ಜನ ಎಷ್ಟು ಮರಿ ಮಾಡಿಸಿ ಮಾರ್ತಾರೆ ಅಂದ್ರೆ, ನಾವು ಕೇಳಿದ ಆಶ್ರಯ ಕೇಂದ್ರಗಳಲ್ಲೆಲ್ಲ ಜಾಗವೇ ಇರಲಿಲ್ಲ. ವಿಮಾನ ಹತ್ತೋಕೆ ಹನ್ನೊಂದು ದಿನ ಇರುವಾಗ ಎರಡು ಗಂಟೆ ದೂರದ ಊರಿಂದ ಒಬ್ಬ ನಿವೃತ್ತ ಲಾರಿ ಡ್ರೈವರ್ ಫೋನ್ ಮಾಡಿದ್ರು. ನಾವು ಪ್ರಶ್ನೆ ಕೇಳೋ ಮೊದಲು ಅವರೇ ನಮ್ಮನ್ನ ಸಂದರ್ಶನ ಮಾಡಿದ್ರು. ಇಲಿ ಎಷ್ಟು ಗ್ರಾಮಿಂದು ಹಾಕ್ತೀರಿ, ಅಡಗೋ ಡಬ್ಬ ಯಾವುದು, ಕೊನೆಯ ಪೊರೆ ಇಡಿಯಾಗಿ ಬಂತಾ ಅಥವಾ ಚೂರು ಚೂರಾಗಿಯಾ. ಮಗನ ಮುಖದಲ್ಲಿ ತಿಂಗಳ ಮೇಲೆ ಮೊದಲ ಸಲ ಬಣ್ಣ ಬಂತು.

ಹೋದ ದಿನ ಹೊರಗೆ ಮೈನಸ್ ಒಂಬತ್ತು ಡಿಗ್ರಿ. ಕಾರನ್ನ ಅರ್ಧ ಗಂಟೆ ಮೊದಲೇ ಬಿಸಿ ಮಾಡಿ, ಬೋಂಡಾನನ್ನ ದಿಂಬಿನ ಕವರಿಗೆ ಹಾಕಿ ಬಾಯಿ ಕಟ್ಟಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ವಿ. ಪೆಟ್ಟಿಗೆ ದಾರಿಯುದ್ದಕ್ಕೂ ಮಗನ ತೊಡೆ ಮೇಲೆ. ಅವರ ಮನೆಯಲ್ಲಿ ಎಲ್ಲ ತಯಾರಾಗಿತ್ತು. ನಾವು ತಂದ ಹಳೇ ಅಡಗು ಡಬ್ಬವನ್ನ ತೊಳೀಬೇಡಿ, ವಾಸನೆ ಇರಲಿ ಅಂತ ಅವರೇ ಹೇಳಿದ್ರು. ಒಂದು ವಾರ ಮುಟ್ಟಲ್ಲ, ಊಟ ಬಿಟ್ರೂ ಗಾಬರಿ ಆಗಲ್ಲ ಅಂದ್ರು. ಮಗ ನೋಟ್‌ಬುಕ್ ಕೊಟ್ಟ. ಬೋಂಡಾ ಡಬ್ಬದೊಳಗೆ ಹೋಗಿ ಸುತ್ತಿಕೊಂಡ. ಹಿಂತಿರುಗಿ ನೋಡಲಿಲ್ಲ.

ವಾಪಸು ಬರುವಾಗ ಕಾರಲ್ಲಿ ಮಗನಿಗೆ ಚುಕ್ಕಿಯ ಕಥೆ ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಅವನು ತುಂಬಾ ಹೊತ್ತು ಹೊರಗೆ ಹಿಮ ನೋಡ್ತಾ ಇದ್ದ.

"ಪುಸ್ತಕದಲ್ಲಿ ಆ ಪುಟ ಬಂದಾಗ ನೀನು ಎದ್ದು ಹೋಗ್ಬಿಟ್ಟೆ. ನಂಗೆ ನೆನಪಿದೆ" ಅಂದ. ಆಮೇಲೆ "ತಾತಂಗೂ ಗೊತ್ತಿರಲಿಲ್ಲ ಅಮ್ಮಾ" ಅಂದ.

ಬೆಂಗಳೂರಿಗೆ ಬಂದು ಐದು ವಾರಕ್ಕೆ ಆ ಡ್ರೈವರ್ ಮಾಮನ ಸಂದೇಶ ಬಂತು, ಬೋಂಡಾ ಇವತ್ತು ಇಲಿ ತಿಂದ ಅಂತ. ಅಲ್ಲಿವರೆಗೆ ಎರಡು ಸಲ ಬಿಟ್ಟಿದ್ನಂತೆ. ಮಗ ಅದನ್ನ ನಾಲ್ಕು ಸಲ ಓದಿದ.

"ಅವನಿಗೆ ನನ್ನ ನೆನಪು ಇರಲ್ಲ ಅಲ್ವಾ?"

ಸುಳ್ಳು ಹೇಳೋಕೆ ಮನಸ್ಸಾಗಲಿಲ್ಲ. "ಇರಲ್ಲ ಅನ್ಸುತ್ತೆ ಪುಟ್ಟಾ."

"ಸದ್ಯ. ಇದ್ದಿದ್ರೆ ಊಟ ಮಾಡ್ತಿರ್ಲಿಲ್ಲ" ಅಂದು ಎದ್ದು ಹೋದ. ಬಚ್ಚಲಲ್ಲಿ ನಲ್ಲಿ ತುಂಬಾ ಹೊತ್ತು ಓಡ್ತಾ ಇತ್ತು.

ಮನೆ ಬದಲಿಸೋ ಅವಸರದಲ್ಲಿರೋರಿಗೆ ನನ್ನ ಒಂದು ಮಾತು. ಹಳೇ ಸೋಫಾಕ್ಕೆ ಒಂದು ವಾರ ಸಾಕು. ಪ್ರಾಣಿಗೆ ಮೂರು ತಿಂಗಳಾದ್ರೂ ಇಟ್ಟುಕೊಳ್ಳಿ. ಮನೆಯಲ್ಲಿ ನಕ್ಷತ್ರ ಆಮೆ ಇದ್ರೆ ಅರಣ್ಯ ಇಲಾಖೆಗೆ ಒಪ್ಪಿಸಿ. ದಯವಿಟ್ಟು ಕಲ್ಯಾಣಿಗೆ ಬಿಡಬೇಡಿ.

ನಿನ್ನೆ ರಾತ್ರಿ ಅಮ್ಮನ ಕೋಣೆಯ ಟ್ಯೂಬ್‌ಲೈಟ್ ಹಿಂದೆ ಹಲ್ಲಿ ಲೊಚಗುಟ್ಟಿತು. ಅಮ್ಮ ಮಂಚದ ಪಟ್ಟಿ ಕುಟ್ಟಿ "ಕೃಷ್ಣ ಕೃಷ್ಣ" ಅಂದ್ರು. ಮಗ ಕುರ್ಚಿ ಎಳ್ಕೊಂಡು ಕೆಳಗೆ ನಿಂತು ನೋಡ್ತಾ ಇದ್ದ.

"ಅಜ್ಜಿ, ಇದಕ್ಕೆ ರೆಪ್ಪೆ ಇಲ್ಲ, ನೋಡಿ. ನಾಲಿಗೆಯಲ್ಲೇ ಕಣ್ಣು ಒರೆಸ್ಕೊಳ್ಳುತ್ತೆ. ನಮ್ಮ ರಾಗಿಗೆ ರೆಪ್ಪೆ ಇತ್ತು."

"ಯಾವ ರಾಗಿನೋ?" ಅಂದ್ರು ಅಮ್ಮ.

ಅವನು ಕುರ್ಚಿ ಮಂಚದ ಹತ್ರ ತಂದು ಕೂತ್ಕೊಂಡು ಹೇಳೋಕೆ ಶುರು ಮಾಡಿದ.