ಕಡಲ ಸಪ್ಪಳ

ನಾನು ಹುಟ್ಟಿದ್ದು ಭಾಲ್ಕಿಯಲ್ಲಿ. ಪಾಠ ಹೇಳಿದ್ದು ಬಹುಪಾಲು ಔರಾದದಲ್ಲಿ. ಕರ್ನಾಟಕದ ಭೂಪಟವನ್ನು ಗೋಡೆಗೆ ತೂಗುಹಾಕಿದರೆ ನಮ್ಮ ಬೀದರ ಜಿಲ್ಲೆ ನೆತ್ತಿಯ ಮೇಲಿನ ಕಿರೀಟದಂತೆ ಕುಳಿತಿರುತ್ತದೆ. ಕಡಲು ದೂರದಲ್ಲಿ, ಎಡಗಡೆಯ ಅಂಚಿಗೆ, ನೀಲಿಯ ಪಟ್ಟಿಯಾಗಿ ಕಾಣುತ್ತದೆ. ಆ ನೀಲಿಯನ್ನು ಬೆತ್ತದ ತುದಿಯಿಂದ ತೋರಿಸುತ್ತ ವರ್ಷವರ್ಷವೂ ಕಡಲಿನ ಪದ್ಯಗಳನ್ನು ಪಾಠ ಮಾಡಿದೆ. ತೆರೆ, ನೊರೆ, ಭೋರ್ಗರೆತ ಎಂಬ ಮಾತುಗಳಿಗೆ ಕರಿಹಲಗೆಯ ಮೇಲೆ ಅರ್ಥ ಬರೆದೆ. ಆದರೆ ಕಡಲನ್ನು ಕಂಡವನಲ್ಲ.

1996ರ ಡಿಸೆಂಬರಿನ ಒಂದು ಮಧ್ಯಾಹ್ನ. ಒಂಬತ್ತನೆಯ ತರಗತಿ. ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ನೀವು ಸಮುದ್ರ ನೋಡೀರೇನ್ರಿ?"

"ಇಲ್ಲವ್ವಾ" ಎಂಬ ಒಂದು ಮಾತು ಸಾಕಾಗಿತ್ತು. ಅಷ್ಟು ಹೊತ್ತು ತೆರೆಗಳ ಅಬ್ಬರವನ್ನು ಕೈಯೆತ್ತಿ ವರ್ಣಿಸಿದ್ದ ನನಗೆ ಆ ಒಂದು ಮಾತು ಗಂಟಲಿನಿಂದ ಹೊರಡಲಿಲ್ಲ. "ನೋಡೀನಿ" ಎಂದೆ. ಅವಳು ಅಷ್ಟಕ್ಕೆ ಬಿಡಲಿಲ್ಲ. "ಹಂಗಾದ್ರ ಅದರ ಸಪ್ಪಳ ಹ್ಯಾಂಗಿರ್ತದ್ರಿ?"

ಕಿಟಕಿಯಾಚೆ ಜೋಳದ ಹೊಲವಿತ್ತು. ಗಾಳಿಗೆ ಬೆಳೆಯೆಲ್ಲ ತೂಗುತ್ತಿತ್ತು. "ಜೋಳದ ಹೊಲದಾಗ ಗಾಳಿ ಬೀಸಿದ್ಹಾಂಗ. ಆದರ ಅದಕ್ಕಿಂತ ಭಾಳ ದೊಡ್ಡದು" ಎಂದುಬಿಟ್ಟೆ. ತರಗತಿಗೆ ತರಗತಿಯೇ ಕಿಟಕಿಯ ಕಡೆ ತಿರುಗಿ ಕಿವಿಗೊಟ್ಟಿತು. ಆ ಮಕ್ಕಳು ನನ್ನನ್ನು ನಂಬಿದ ರೀತಿ ಇಂದಿಗೂ ನನ್ನ ಕಣ್ಣ ಮುಂದಿದೆ.

ಹಾಗೆ ನೋಡಿದರೆ ಕಡಲಿಗೂ ನಮ್ಮ ಸೀಮೆಗೂ ನಂಟೇ ಇಲ್ಲವೆಂದಲ್ಲ. ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪುಕಲ್ಲಿನೊಳಗೆ ಕೂಡಿಸಿದ ಮುತ್ತಿನ ಚಿಪ್ಪಿನ ಬಳ್ಳಿಗಳು ಈಗಲೂ ಹೊಳೆಯುತ್ತವೆ; ಆ ಚಿಪ್ಪು ಕಡಲಿನದು. 1472ರಲ್ಲಿ ಅಲ್ಲಿಯ ಮದರಸಾ ಕಟ್ಟಿಸಿದ ಮಹಮೂದ ಗಾವಾನ ಕಾಸ್ಪಿಯನ್ ತೀರದ ಗೀಲಾನದವನು, ಕಡಲು ದಾಟಿ ಬಂದವನು. ರಷ್ಯದ ವರ್ತಕ ಅಫನಾಸಿ ನಿಕಿತಿನ್ ಅದೇ ಕಾಲದಲ್ಲಿ ಒಂದು ಕುದುರೆಯೊಡನೆ ಹಡಗಿನಲ್ಲಿ ಬಂದು, ಚೌಲ್ ಬಂದರಿನಲ್ಲಿ ಇಳಿದು ಬೀದರನ್ನು ಮುಟ್ಟಿದ. ಅವರೆಲ್ಲ ಕಡಲಿನಿಂದ ನಮ್ಮೂರಿಗೆ ಬಂದರು. ನಮ್ಮೂರಿನಿಂದ ಕಡಲಿಗೆ ಹೋಗಲು ನನಗೆ ಮಾತ್ರ ಅರವತ್ತು ದಾಟಬೇಕಾಯಿತು. ಹಣವಿಲ್ಲ, ರಜೆಯಿಲ್ಲ, ಮಗಳ ಮದುವೆ ಎಂಬ ನೆವಗಳು ಒಂದರ ಹಿಂದೆ ಒಂದು ಇದ್ದೇ ಇದ್ದುವು.

2023ರ ಫೆಬ್ರವರಿಯಲ್ಲಿ, ನಿವೃತ್ತನಾಗಿ ಮೂರು ವರ್ಷಗಳಾದ ಮೇಲೆ, ಮೊಮ್ಮಗನ ಹಳೆಯ ಶಾಲೆಯ ಚೀಲವನ್ನು ಬೆನ್ನಿಗೇರಿಸಿ ಹೊರಟೆ. ಅದರೊಳಗೆ ಒಂದು ಧೋತರ, ಒಂದು ಅಂಗಿ, ಖಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ. "ಈ ವಯಸ್ಸಿನಾಗ ಒಬ್ಬರೇ ಎಲ್ಲಿಗಿ ಹೊಂಟೀರಿ?" ಎಂದಳು ನನ್ನ ಹೆಂಡತಿ. ಗೋಕರ್ಣಕ್ಕೆಂದೆ. ದೇವರ ಯಾತ್ರೆಯೆಂದು ತಿಳಿದು ಅವಳು ಸುಮ್ಮನಾದಳು. ನಾನೂ ತಿದ್ದಲು ಹೋಗಲಿಲ್ಲ.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟವಿಳಿದು, ಅಂಕೋಲೆಯ ಮೇಲೆ ಹಾಯ್ದು ಗೋಕರ್ಣ ಸೇರುವಾಗ ರಾತ್ರಿಯಾಗಿತ್ತು. ಇಳಿದುಕೊಂಡ ಕೋಣೆಯ ಹಿಂದೆ ತೆಂಗಿನ ತೋಟ. ಅದರಾಚೆ ಎಲ್ಲಿಯೋ ಗುಡುಗುಡು ಸದ್ದು. ದೂರದ ರಸ್ತೆಯಲ್ಲಿ ಲಾರಿಗಳು ಓಡಾಡುತ್ತಿವೆಯೆಂದುಕೊಂಡು ಮಲಗಿದೆ. ಮೂವತ್ತು ವರ್ಷ ಯಾವುದರ ಪಾಠ ಹೇಳಿದ್ದೆನೋ ಅದು ಬಾಗಿಲ ಬಳಿಗೇ ಬಂದು ಕರೆದಾಗ ನನಗೆ ಗುರುತು ಸಿಗಲಿಲ್ಲ.

ನಸುಕಿನಲ್ಲಿ ಮಹಾಬಲೇಶ್ವರ ದೇವಾಲಯದ ಬೀದಿಯಲ್ಲಿ ನಡೆದೆ. ಹೂವಿನ ಅಂಗಡಿಗಳು ಮುಗಿದವು, ಮನೆಗಳು ಮುಗಿದವು, ನೆಲವೇ ಮುಗಿಯಿತು. ಎದುರಿಗೆ ಬೂದುಬಣ್ಣದ ನೀರು, ಅದರ ಮೇಲೆ ಅಂಥದೇ ಬಣ್ಣದ ಆಕಾಶ. ನಮ್ಮ ಬಯಲುಸೀಮೆಯಲ್ಲಿಯೂ ದಿಗಂತ ವಿಶಾಲವೇ. ಆದರೆ ಅಲ್ಲಿ ಕಣ್ಣಿಗೆ ಒಂದು ಬೇವಿನ ಮರವಾದರೂ ಆಸರೆಯಾಗಿರುತ್ತದೆ. ಇಲ್ಲಿ ದೃಷ್ಟಿಗೆ ಊರುಗೋಲೇ ಇಲ್ಲ.

ಕಣ್ಣು ಮುಚ್ಚಿ ಕೇಳಿದೆ. ಜೋಳದ ಹೊಲದ ಗಾಳಿ ಒಂದೇ ಸಮನೆ ಹರಿದುಹೋಗುತ್ತದೆ. ಇದು ಹಾಗಿರಲಿಲ್ಲ. ತೆರೆ ಎದ್ದು ಬಾಗಿ ಬೀಳುವಾಗ, ಕಣದಲ್ಲಿ ಕಾಳಿನ ಚೀಲ ಕೆಡವಿದಂತೆ ಒಂದು 'ಧಪ್'. ಆಮೇಲೆ ಗಳಿಗೆ ಮೌನ. ಅನಂತರ ನೀರು ಮರಳನ್ನೆಳೆದುಕೊಂಡು ಹಿಂದೆ ಸರಿಯುವಾಗ, ಮೊರದಲ್ಲಿ ತೊಗರಿ ಕೇರಿದಂತೆ ಸರಸರ. ಆ ನಡುವಿನ ಮೌನವನ್ನು ಯಾವ ಪದ್ಯದ ಪಾಠದಲ್ಲಿಯೂ ನಾನು ಹೇಳಿರಲಿಲ್ಲ.

ಮೊಣಕಾಲುದ್ದ ನೀರಿಗೆ ಇಳಿದೆ. ಅಂಗಾಲಿನ ಕೆಳಗಿನ ಮರಳು ಜಾರಿತು; ನಾನೇ ಹಿಂದಕ್ಕೆ ಹೋಗುತ್ತಿರುವೆನೆಂದು ಭ್ರಮಿಸಿ ಬೀಳಲಿದ್ದೆ. ದಡದಲ್ಲಿ ಬಲೆ ಸರಿಪಡಿಸುತ್ತಿದ್ದ ಮುದುಕನೊಬ್ಬ ನಕ್ಕು, "ಹೊಸಬ್ರಾ? ನೀರು ನೋಡ್ಬೇಡಿ, ದಡ ನೋಡಿ" ಎಂದ. ಬೊಗಸೆ ನೀರು ತೆಗೆದು ನಾಲಗೆಗೆ ಮುಟ್ಟಿಸಿದೆ. ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆಯೆಂದು ಓದಿದ್ದೆ. ಅದು ಉಪ್ಪಿಗಿಂತ ಕಹಿಗೆ ಹತ್ತಿರ ಎಂದು ಓದಿದ ನೆನಪಿಲ್ಲ.

ತೀರದ ದಕ್ಷಿಣದ ತುದಿಯಲ್ಲಿ ಗುಡ್ಡವೇರುವ ದಾರಿ. ನಾಲ್ಕು ಹೆಜ್ಜೆ ಹತ್ತಿ ಕಾಲ ಕೆಳಗೆ ನೋಡಿದರೆ ನಮ್ಮೂರಿನ ನೆಲ! ಅದೇ ಕೆಂಪು, ಅದೇ ತೂತುತೂತಾದ ಕಲ್ಲು. ಜಂಬಿಟ್ಟಿಗೆಯ ಈ ಕಲ್ಲಿನಲ್ಲಿಯೇ ಬೀದರ ಕೋಟೆಯ ಕಂದಕವನ್ನು ಕಡಿದಿದ್ದಾರೆ. ನೆಲದಲ್ಲಿರುವಾಗ ಕೊಡಲಿಗೆ ಬಗ್ಗುವಷ್ಟು ಮೆದು. ಕತ್ತರಿಸಿ ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಈ ಸೀಮೆಯಲ್ಲಿಯೂ ಸಂಚರಿಸಿದ್ದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿಯೂ ಅದರ ಮೂಲ ಇಟ್ಟಿಗೆಯೇ. ಆ ಕೆಂಪುಕಲ್ಲಿನ ಮೇಲೆ ಕುಳಿತಾಗ ಪರಸ್ಥಳದ ಅಂಜಿಕೆ ಅರ್ಧ ಇಳಿಯಿತು.

ಗುಡ್ಡದಾಚೆ ಕುಡ್ಲೆ ತೀರ; ಇನ್ನೊಂದು ಗುಡ್ಡ ದಾಟಿದರೆ ಓಂ ತೀರ. ಮೇಲಿನಿಂದ ನೋಡಿದಾಗ, ಎರಡು ಅರ್ಧಚಂದ್ರಗಳ ನಡುವೆ ಬಂಡೆ ಚಾಚಿ, ದೇವನಾಗರಿಯ ಓಂಕಾರ ತಿದ್ದಿದಂತೆ ಕಾಣುತ್ತದೆ. ಜೀವರಕ್ಷಕನೊಬ್ಬ ಸೀಟಿಯೂದಿ ಬಂಡೆಯೇರಿದ್ದ ಹುಡುಗರನ್ನು ಇಳಿಸುತ್ತಿದ್ದ. ಇಲ್ಲಿಯ ನೀರಿಗೆ ಪ್ರಾಣ ತೆತ್ತವರಿದ್ದಾರೆ. ಅವನ ಸೀಟಿ ನನಗೆ ಕರ್ಕಶವೆನಿಸಲಿಲ್ಲ. ತನ್ನಷ್ಟೇ ಎತ್ತರದ ಚೀಲ ಹೊತ್ತ ಪರದೇಶದ ತರುಣನೊಬ್ಬ ನನ್ನ ಚೀಲದ ಮೇಲಿನ ಆನೆಮರಿಯ ಚಿತ್ರ ಕಂಡು ನಕ್ಕು ಪಕ್ಕದಲ್ಲಿ ಕುಳಿತ. ಅವನಿಗೊಂದು ರೊಟ್ಟಿ ಕೊಟ್ಟೆ. ಕಪ್ಪೆಚಿಪ್ಪು ಕಡಿದವನಂತೆ ಮುಖ ಮಾಡಿದರೂ ಪೂರ್ತಿ ತಿಂದ. ಅಲ್ಲಿಂದ ಮುಂದೆ ಇನ್ನೂ ಎರಡು ತೀರಗಳಿವೆ. ದಾರಿ ಬಂಡೆಗಳ ಅಂಚಿನಲ್ಲಿ ಸಾಗುತ್ತದೆ. ನನ್ನ ಮೊಣಕಾಲುಗಳು ಒಪ್ಪಲಿಲ್ಲ. ಅವನ್ನು ನಾನು ಕಂಡಿಲ್ಲ. ಕಂಡಿಲ್ಲವೆಂದು ಬರೆಯುವುದು ಈಗ ಸುಲಭವಾಗಿದೆ.

ಮಧ್ಯಾಹ್ನ ಆಟೋ ಹಿಡಿದು ಸಾಣಿಕಟ್ಟಾಕ್ಕೆ ಹೋದೆ. ಉಪ್ಪಿಗೆ ಹೆಸರಾದ ಊರು. ಉಬ್ಬರದ ವೇಳೆ ಅಘನಾಶಿನಿಯ ಅಳಿವೆಗೆ ನುಗ್ಗುವ ಕಡಲ ನೀರನ್ನು ಕಟ್ಟೆಯೊಳಗೆ ತಡೆದು, ಮಡಿಯಿಂದ ಮಡಿಗೆ ಹಾಯಿಸುತ್ತಾರೆ. ಬಿಸಿಲು ನೀರನ್ನು ಕುಡಿಯುತ್ತ ಹೋದಂತೆ ಉಳಿದದ್ದು ಗಟ್ಟಿಯಾಗುತ್ತದೆ. ಕೊನೆಯ ಮಡಿಯಲ್ಲಿ ಹರಳು ಕಟ್ಟಿದಾಗ ಉದ್ದ ಹಿಡಿಯ ಹಲಗೆಯಿಂದ ಅದನ್ನೆಳೆದು ಬದುವಿನ ಮೇಲೆ ಗುಡ್ಡೆ ಹಾಕುತ್ತಾರೆ. ಬುಟ್ಟಿ ಹೊತ್ತು ಬಂದ ಹೆಂಗಸೊಬ್ಬಳನ್ನು ಒಂದಾದ ಮೇಲೊಂದು ಪ್ರಶ್ನೆ ಕೇಳಿದೆ. "ಇಷ್ಟು ಪ್ರಶ್ನೆ ಕೇಳೋರು ಮಾಸ್ತರ್ರೇ ಸೈ" ಎಂದಳು. ಹೌದೆಂದೆ. "ಮಕ್ಕಳಿಗೆ ಹೇಳುವಾಗ ಬಿಸಿಲು ಉಪ್ಪು ಮಾಡ್ತದೆ ಅಂತ ಮಾತ್ರ ಹೇಳ್ಬೇಡಿ. ಇದನ್ನೂ ಹೇಳಿ" ಎಂದು ಪಾದ ಎತ್ತಿ ತೋರಿಸಿದಳು. ಉಪ್ಪುನೀರಿಗೆ ಅಂಗಾಲು ಬಿರುಕುಬಿಟ್ಟು ನಮ್ಮೂರಿನ ಬೇಸಗೆಯ ಎರೆಹೊಲದಂತಾಗಿತ್ತು. ನೆರೆಯ ಅಂಕೋಲೆಯ 1930ರ ಉಪ್ಪಿನ ಸತ್ಯಾಗ್ರಹದ ಮಾತನ್ನು ಮಕ್ಕಳ ಮುಂದೆ ಎಷ್ಟೋ ಸಲ ಆಡಿದ್ದೆ; ಉಪ್ಪು ಮಾಡುವವರ ಕಾಲಿನ ಮಾತು ಒಮ್ಮೆಯೂ ಬಂದಿರಲಿಲ್ಲ. ಎರಡು ಸೇರು ಹರಳುಪ್ಪು ಕೊಂಡು ಚೀಲಕ್ಕೆ ಹಾಕಿಕೊಂಡೆ.

ಮೂರನೆಯ ಸಾಲಿನ ಆ ಹುಡುಗಿ ಈಗ ಭಾಲ್ಕಿ ತಾಲೂಕಿನ ಒಂದು ಹಳ್ಳಿಯಲ್ಲಿ ಶಿಕ್ಷಕಿ. ಊರಿಗೆ ಮರಳಿದ ವಾರವೇ ಅವಳ ಶಾಲೆಗೆ ಹೋಗಿ, 1996ರಲ್ಲಿ ನಾನು ಸುಳ್ಳು ಹೇಳಿದ್ದೆನೆಂದು ಹೇಳಿದೆ. ಅವಳು ನಗುವಳೆಂದುಕೊಂಡಿದ್ದೆ. ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಹುಡುಗರಿಗೆ ಜೋಳದ ಹೊಲ ಅಂತನೇ ಹೇಳ್ಕೋತ ಬಂದೀನ್ರಿ, ಸರ್" ಎಂದಳು.

ಆಮೇಲೆ ಬಿಸಿಯೂಟದ ಅಡುಗೆಮನೆಯಿಂದ ಮೊರವನ್ನೂ ಒಂದಿಷ್ಟು ತೊಗರಿಬೇಳೆಯನ್ನೂ ತಂದು, ನನ್ನನ್ನು ತರಗತಿಗೆ ಕರೆದೊಯ್ದಳು. ನಾನು ಮೇಜಿನ ಮೇಲೆ ಪುಸ್ತಕಗಳ ಚೀಲ ಕೆಡವಿದೆ. ಒಂದು ಗಳಿಗೆ ಬೆರಳೆತ್ತಿ ಸುಮ್ಮನಿರಿಸಿದೆ. ಅವಳು ಮೊರ ಕೇರಿದಳು. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು.

"ಇಷ್ಟೇ ಏನ್ರಿ?" ಎಂದ, ಕೊನೆಯ ಸಾಲಿನ ಹುಡುಗನೊಬ್ಬ.

ನಾನು ಹರಳುಪ್ಪಿನ ಗಂಟು ಬಿಚ್ಚಿದೆ.